ಕರೆಂಟು ಹೋದಾಗ ಮೀನಿಗೇನು ಗತಿ?

ಕರೆಂಟು ಹೋದ ಕೂಡಲೇ ನಮಗೆ ನೆನಪಾಗುವುದು ಫ್ಯಾನು, ಟಿ.ವಿ., ಅದಕ್ಕಿಂತ ಹೆಚ್ಚಾಗಿ ಈಗ ಮೊಬೈಲಿನ ಚಾರ್ಜು. ಹಜಾರದ ಮೂಲೆಯ ಗಾಜಿನ ತೊಟ್ಟಿಯಲ್ಲಿ ಗುಳುಗುಳು ಸದ್ದು ನಿಂತುಹೋಯಿತೆಂಬುದು ಗಮನಕ್ಕೆ ಬರುವುದು ಎಷ್ಟೋ ಹೊತ್ತಿನ ಮೇಲೆ. ಅದೂ ಸಾಮಾನ್ಯವಾಗಿ ಮನೆಯ ಮಕ್ಕಳಿಗೆ. ‘ಅಪ್ಪಾ, ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ’ ಎಂದು ಮಗು ಓಡಿ ಬಂದು ಹೇಳಿದಾಗ, ಮೇಣದ ಬತ್ತಿ ಹುಡುಕುತ್ತಿರುವ ಅಪ್ಪ ‘ಹಸಿವಾಗಿರಬೇಕು, ಎರಡು ಕಾಳು ಹಾಕು’ ಅನ್ನುತ್ತಾರೆ. ಆ ಹೊತ್ತಿನಲ್ಲಿ ಮಾಡಬಾರದ ಕೆಲಸ ಯಾವುದಾದರೂ ಇದ್ದರೆ ಅದೇ! ಯಾಕೆ ಎಂಬುದನ್ನು ಮುಂದೆ ನೋಡೋಣ.

ಇದು ಮನೆಯ ಪುಟ್ಟ ತೊಟ್ಟಿಗೆ ಮಾತ್ರ ಬರುವ ಕಷ್ಟ ಎಂದುಕೊಳ್ಳಬೇಡಿ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ ಆಡುಬಾನ್ ಅಕ್ವೇರಿಯಂ ಎಂಬ ದೊಡ್ಡ ಮತ್ಸ್ಯಾಲಯವಿದೆ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂದು ಅಪ್ಪಳಿಸಿದಾಗ ಆ ಕಟ್ಟಡಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಗಾಜಿನ ಗೋಡೆಗಳು ಒಡೆದು ನೀರು ಹರಿದುಹೋಗಲಿಲ್ಲ. ಕೆಲ ಸಿಬ್ಬಂದಿ ಒಳಗೇ ಉಳಿದು ಜನರೇಟರ್ ನಡೆಸುತ್ತ ಮೀನುಗಳನ್ನು ನೋಡಿಕೊಂಡರು. ಆದರೆ ಊರಿನ ಸ್ಥಿತಿ ಕೆಟ್ಟು ಅವರೂ ಹೊರಡಬೇಕಾಯಿತು. ಜನರೇಟರ್ ಕೈಕೊಟ್ಟಿತು, ಪಂಪುಗಳು ನಿಂತವು. ಕೆಲವು ದಿನ ಬಿಟ್ಟು ಅವರು ಮರಳಿ ಬಂದು ನೋಡಿದರೆ ಸುಮಾರು 10,000 ಮೀನುಗಳಲ್ಲಿ ಬಹುಪಾಲು ಸತ್ತಿದ್ದವು. ಬದುಕಿ ಉಳಿದವರ ಪಟ್ಟಿ ನೋಡಿ: ಪೆಂಗ್ವಿನ್‌ಗಳು, ನೀರುನಾಯಿಯ ಜಾತಿಯ ಸಮುದ್ರ ಆಟರ್‌ಗಳು, ಮೈದಾಸ್ ಎಂಬ ಹೆಸರಿನ ಭಾರೀ ಕಡಲಾಮೆ, ಬಿಳಿ ಮೊಸಳೆ. ಸೀ ಡ್ರ್ಯಾಗನ್ ಎಂಬ ವಿಚಿತ್ರ ಮೀನುಗಳಲ್ಲಿ ಕೆಲವು ಉಳಿದದ್ದನ್ನು ಬಿಟ್ಟರೆ, ಬದುಕಿದವರೆಲ್ಲ ಹೆಚ್ಚು ಕಡಿಮೆ ನಮ್ಮಂತೆ ಮೂಗಿನಿಂದ ಗಾಳಿ ಎಳೆಯುವವರು. ನೀರಿನೊಳಗೇ ಉಸಿರಾಡುವವರು ಉಸಿರು ಕಟ್ಟಿ ಸತ್ತರು. ಅಂದರೆ ಅವುಗಳನ್ನು ಕೊಂದದ್ದು ಬಿರುಗಾಳಿ ಅಲ್ಲ, ಕರೆಂಟಿಲ್ಲದ್ದು.

ಹತ್ತೊಂಬತ್ತು ಪೆಂಗ್ವಿನ್‌ಗಳೂ ಎರಡು ಆಟರ್‌ಗಳೂ ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂಗೆ ನೆಂಟರಾಗಿ ಹೋಗಿದ್ದವು. 2006ರ ಮೇ 26ರಂದು ಆಡುಬಾನ್ ಮತ್ತೆ ಬಾಗಿಲು ತೆರೆಯಿತು. ಅಷ್ಟು ಹಣ, ಅಷ್ಟು ತಜ್ಞರು ಇದ್ದ ಜಾಗದಲ್ಲೇ ಹೀಗಾದ ಮೇಲೆ ನಮ್ಮ ಎರಡಡಿ ತೊಟ್ಟಿಯ ಪಾಡೇನು ಎಂದು ಹೆದರಬೇಡಿ. ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಸಣ್ಣವರಿಗೇ ಅನುಕೂಲ. ಲಕ್ಷಗಟ್ಟಲೆ ಲೀಟರ್ ನೀರನ್ನು ಚೊಂಬಿನಿಂದ ಕಲಕಲಾಗದು. ಐವತ್ತು ಲೀಟರನ್ನು ಕಲಕಬಹುದು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಪೆನ್ಸಿಲ್ ಹಿಡಿದ ವಿದ್ಯಾರ್ಥಿಗಳು ತಾಳೆ ನೋಡಬಹುದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ನಮ್ಮ ಊರುಗಳ ಸಾಮಾನ್ಯ ಉಷ್ಣತೆಯಲ್ಲಿ, ಅಂದರೆ 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಒಂದು ಲೀಟರ್ ಸಿಹಿನೀರು ತನ್ನೊಳಗೆ ಕರಗಿಸಿ ಇಟ್ಟುಕೊಳ್ಳಬಲ್ಲ ಆಮ್ಲಜನಕ 8 ಮಿಲಿಗ್ರಾಂಗಿಂತ ತುಸು ಕಡಿಮೆ. ಇಡೀ ತೊಟ್ಟಿಗೆ 400 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಅದೇ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಅಂದರೆ ನಿಮ್ಮ ತೊಟ್ಟಿಯ ಅಷ್ಟೂ ನೀರಿನಲ್ಲಿರುವ ಪ್ರಾಣವಾಯು, ಒಂದೂವರೆ ಲೀಟರಿನ ಖಾಲಿ ಬಾಟಲಿಯಲ್ಲಿರುವ ಗಾಳಿಯಷ್ಟೇ! ಹತ್ತು ಹದಿನೈದು ಮೀನುಗಳು, ಜಲ್ಲಿಯ ನಡುವಿನ ಕೊಳೆ, ಅದನ್ನು ತಿನ್ನುವ ಕಣ್ಣಿಗೆ ಕಾಣದ ಜೀವಿಗಳು ಎಲ್ಲವೂ ಈ ಬಾಟಲಿಯನ್ನೇ ಹಂಚಿಕೊಂಡು ಬದುಕಬೇಕು. ಹೊರಗಿನಿಂದ ಹೊಸ ಆಮ್ಲಜನಕ ಸೇರುತ್ತಲೇ ಇದ್ದರೆ ಸರಿ. ಇಲ್ಲದಿದ್ದರೆ ಕಿಕ್ಕಿರಿದ ತೊಟ್ಟಿಯಲ್ಲಿ ಒಂದೆರಡು ಗಂಟೆಯಲ್ಲೇ ತೊಂದರೆ ಶುರು.

ಇನ್ನೊಂದು ಬಿಕ್ಕಟ್ಟೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಅದೇ ಸೆಕೆಯಲ್ಲಿ ಮೀನಿನ ಮೈ ಚುರುಕಾಗಿ ಅದಕ್ಕೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ಸಂಸಾರದಂತೆ. ಹಾಗಾಗಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಮುಂಗಾರು ಪೂರ್ವದ ಗಾಳಿಗೆ ಮರ ಬಿದ್ದು ತಂತಿ ತುಂಡಾದರೆ, ಜುಲೈ ತಿಂಗಳ ತಂಪಿನಲ್ಲಿ ಕರೆಂಟು ಹೋದದ್ದಕ್ಕಿಂತ ಬೇಗ ಎಚ್ಚೆತ್ತುಕೊಳ್ಳಬೇಕು.

ಎಲ್ಲ ಮೀನುಗಳ ಪಾಡೂ ಒಂದೇ ಅಲ್ಲ. ನಮ್ಮ ಕೆರೆಗಳ ಕೊರವ ಮೀನನ್ನು ಮಾರುಕಟ್ಟೆಯಲ್ಲಿ ನೋಡಿದವರಿಗೆ ಗೊತ್ತು, ನೀರಿನಿಂದ ಹೊರತೆಗೆದು ಎಷ್ಟೋ ಹೊತ್ತಾದರೂ ಜೀವ ಹಿಡಿದಿರುತ್ತದೆ. ಅದು ಗಾಳಿಯನ್ನೇ ನೇರ ಉಸಿರಾಡಬಲ್ಲದು. ಅಕ್ವೇರಿಯಂ ಅಂಗಡಿಯ ಫೈಟರ್ ಮತ್ತು ಗೌರಾಮಿ ಮೀನುಗಳಿಗೂ ತಲೆಯಲ್ಲಿ, ಕಿವಿರುಗಳ ಮೇಲ್ಭಾಗದಲ್ಲಿ, ಗಾಳಿ ಹಿಡಿದು ಉಸಿರಾಡುವ ಸುರುಳಿ ಸುರುಳಿಯಾದ ಒಂದು ಅಂಗವಿದೆ. ಫೈಟರ್‌ಗಳ ತವರು ಥಾಯ್ಲೆಂಡಿನ ಗದ್ದೆ, ಜೌಗುಗಳ ನಿಂತ ನೀರು. ಅವುಗಳಿಗೆ ಪಂಪ್ ನಿಂತರೂ ಅಷ್ಟು ಚಿಂತೆ ಇಲ್ಲ. ಹೆಚ್ಚು ಕಷ್ಟ ಪಡುವುದು ಗೋಲ್ಡ್ ಫಿಶ್‌ನಂಥ, ತುಂಬ ತಿಂದು ತುಂಬ ಹೊಲಸು ಮಾಡುವ ಮೀನುಗಳು ಮತ್ತು ಆಸ್ಕರ್‌ನಂಥ ದೊಡ್ಡ ಮೈಯವು. ಗೋಲ್ಡ್ ಫಿಶ್‌ದು ಒಂದು ತಮಾಷೆ ಇದೆ. ಚಳಿದೇಶಗಳಲ್ಲಿ ಕೊಳ ಹೆಪ್ಪುಗಟ್ಟಿ ಆಮ್ಲಜನಕ ಮುಗಿದಾಗ ಅದು ತನ್ನ ಮೈಯೊಳಗೆ ಮದ್ಯಸಾರವನ್ನು ತಯಾರಿಸಿ, ಕಿವಿರುಗಳಿಂದ ಹೊರಹಾಕುತ್ತ ಹಲವು ದಿನ ಉಳಿಯಬಲ್ಲದು. ಆದರೆ ಅದು ಕೊರೆಯುವ ತಣ್ಣೀರಿನಲ್ಲಿ ನಡೆಯುವ ಮಾತು. ಮಂಗಳೂರಿನ ಅಥವಾ ರಾಯಚೂರಿನ ಸೆಕೆಯಲ್ಲಿ ಆ ವಿದ್ಯೆ ನೆಚ್ಚಿಕೊಂಡು ಕೂರಬೇಡಿ.

ಸರಿ, ಕರೆಂಟು ಹೋಗಿದೆ. ಏನು ಮಾಡುವುದು? ಮೊದಲು ತೊಟ್ಟಿಯ ಮುಚ್ಚಳ ತೆಗೆಯಿರಿ. ಹಾರುವ ಮೀನುಗಳಿದ್ದರೆ ಸೊಳ್ಳೆ ಪರದೆಯ ತುಂಡನ್ನು ಹೊದಿಸಿ. ಏರ್ ಪಂಪಿನ ಗುಳ್ಳೆಗಳೇ ನೀರಿಗೆ ಆಮ್ಲಜನಕ ತುಂಬುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಗುಳ್ಳೆ ತಳದಿಂದ ಮೇಲಕ್ಕೆ ಬರುವ ಕ್ಷಣಮಾತ್ರದಲ್ಲಿ ಕರಗುವುದು ಅಲ್ಪ. ಗುಳ್ಳೆಗಳ ನಿಜವಾದ ಕೆಲಸ ತಳದ ನೀರನ್ನು ಮೇಲಕ್ಕೆ ತಂದು, ಮೇಲ್ಮೈಯನ್ನು ಕಲಕಿ, ನೀರಿಗೂ ಗಾಳಿಗೂ ಹೊಸದಾಗಿ ಭೇಟಿ ಮಾಡಿಸುವುದು. ಈ ಕೆಲಸವನ್ನು ಒಂದು ಚೊಂಬು ಮಾಡಬಲ್ಲದು. ತೊಟ್ಟಿಯದೇ ನೀರನ್ನು ಮೊಗೆದು, ಒಂದು ಗೇಣು ಎತ್ತರದಿಂದ ಅದಕ್ಕೇ ಸುರಿಯಿರಿ. ಚಹಾ ಅಂಗಡಿಯವನು ಚಹಾ ಎತ್ತಿ ಸುರಿಯುವುದನ್ನು ನೆನಪಿಸಿಕೊಳ್ಳಿ, ಅಷ್ಟು ಎತ್ತರ ಬೇಡ. ಐದು ಹತ್ತು ನಿಮಿಷ ಹೀಗೆ ಮಾಡಿ, ಅರ್ಧ ಗಂಟೆ ಬಿಟ್ಟು ನೋಡಿ, ಮೀನು ಮತ್ತೆ ಮೇಲೆ ಬಂದು ಬಾಯಿ ಬಿಡತೊಡಗಿದರೆ ಮತ್ತೆ ಮಾಡಿ. ಮನೆಯಲ್ಲಿ ಮಕ್ಕಳಿದ್ದರೆ ಪಾಳಿ ಹಾಕಿಕೊಳ್ಳಬಹುದು. ಇದಕ್ಕಿಂತ ಜಾಣ ಉಪಾಯವೂ ಇದೆ. ಬಕೆಟಿಗೆ ತೊಟ್ಟಿಯ ನೀರನ್ನೇ ತುಂಬಿ, ತೊಟ್ಟಿಗಿಂತ ಎತ್ತರದ ಸ್ಟೂಲಿನ ಮೇಲಿಟ್ಟು, ಏರ್ ಪಂಪಿನ ಸಣ್ಣ ಕೊಳವೆಯಿಂದ ತೊಟ್ಟಿಗೆ ಸಣ್ಣಗೆ ಬೀಳುವ ಹಾಗೆ ಬಿಡಿ. ಬಕೆಟ್ ಖಾಲಿಯಾಗುವವರೆಗೆ ಕೈಗೆ ಬಿಡುವು.

ತೊಟ್ಟಿಯಲ್ಲಿ ಗಿಡಗಳಿವೆಯಲ್ಲ, ಅವು ಆಮ್ಲಜನಕ ಕೊಡುವುದಿಲ್ಲವೇ ಎಂದು ಕೇಳುವವರು ಉಂಟು. ಬೆಳಕಿರುವಾಗ ಕೊಡುತ್ತವೆ. ಕತ್ತಲಾದ ಮೇಲೆ ಅವೂ ಮೀನಿನ ಜೊತೆ ಪಂಕ್ತಿಯಲ್ಲಿ ಕೂತು ಅದೇ ಆಮ್ಲಜನಕವನ್ನು ಉಣ್ಣುತ್ತವೆ. ಗಿಡ ತುಂಬಿದ ತೊಟ್ಟಿಯಲ್ಲಿ ಕರೆಂಟಿಲ್ಲದ ರಾತ್ರಿ ಕಳೆದರೆ, ಅತಿ ಕೆಟ್ಟ ಹೊತ್ತು ನಸುಕಿನದು. ಅಲಾರಂ ಇಟ್ಟುಕೊಂಡು ಏಳುವುದಾದರೆ ಆಗ ಏಳಿ.

ಇನ್ವರ್ಟರ್ ಇದ್ದ ಮನೆಯವರು ‘ನಮಗೇನು ಚಿಂತೆ’ ಅನ್ನುತ್ತಾರೆ. ಚಿಂತೆ ಇಲ್ಲದಿರುವುದು ಏನನ್ನು ಸಿಕ್ಕಿಸಿದ್ದೀರಿ ಎಂಬುದರ ಮೇಲೆ ನಿಂತಿದೆ. 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಶಕ್ತಿ ಇದೆ. ಬ್ಯಾಟರಿ ಹಳೆಯದು, ಪೂರ್ತಿ ಬರಿದು ಮಾಡಲೂ ಬಾರದು ಎಂದು ಅರ್ಧ ಹಿಡಿಯಿರಿ: 900. ಮೀನಿನ ಏರ್ ಪಂಪ್ ತಿನ್ನುವುದು ಬರೀ ನಾಲ್ಕೈದು ವ್ಯಾಟ್. ಒಂದು ಇಡೀ ದಿನಕ್ಕೆ ನೂರು ನೂರಿಪ್ಪತ್ತು ವ್ಯಾಟ್-ಅವರ್. ಇನ್ವರ್ಟರ್ ಸುಮ್ಮನೆ ಚಾಲೂ ಇರುವುದಕ್ಕೇ ತಾನೂ ಒಂದಿಷ್ಟು ನುಂಗುತ್ತದೆ ಎಂದರೂ ಪಂಪಿನ ಪಾಲು ದೊಡ್ಡದೇನಲ್ಲ. ಆದರೆ ತೊಟ್ಟಿಯ 100 ವ್ಯಾಟಿನ ಹೀಟರನ್ನೂ ಅದೇ ಬೋರ್ಡಿಗೆ ಸಿಕ್ಕಿಸಿಟ್ಟರೆ ಒಂಬತ್ತು ಗಂಟೆಯಲ್ಲಿ ಎಲ್ಲ ಮುಗಿಯಿತು. ಅದಕ್ಕೇ ಕರೆಂಟು ಹೋದಾಗ ಪಂಪ್ ಮಾತ್ರ ಇರಲಿ, ಹೀಟರೂ ದೀಪವೂ ಬೇಡ. ಇನ್ವರ್ಟರ್ ಇಲ್ಲದವರಿಗೆ ಬ್ಯಾಟರಿ ಸೆಲ್ಲಿನಿಂದ ನಡೆಯುವ ಪುಟ್ಟ ಏರ್ ಪಂಪುಗಳು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತವೆ. ಚಂದದ ಪ್ಲಾಸ್ಟಿಕ್ ಅರಮನೆ, ಮುಳುಗುಗಾರ ಬೊಂಬೆ ಕೊಳ್ಳುವ ದುಡ್ಡಿನಲ್ಲಿ ಅದೊಂದನ್ನು ಕೊಂಡಿಟ್ಟರೆ ಮೀನುಗಳು ಹರಸುತ್ತವೆ.

ಪಂಪಿನ ಬಗ್ಗೆ ಒಂದು ಸಣ್ಣ ವಿಷಯ, ಆದರೆ ಮನೆಗೇ ಅಪಾಯ ತರುವಂಥದ್ದು. ಹಲವರ ಮನೆಯಲ್ಲಿ ಏರ್ ಪಂಪ್ ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗೆ, ಸ್ಟ್ಯಾಂಡಿನ ಒಳಗೆ ಕುಳಿತಿರುತ್ತದೆ. ಕರೆಂಟು ನಿಂತಾಗ ಗಾಳಿಯ ಒತ್ತಡ ಇಲ್ಲವಾಗಿ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೇ ನುಗ್ಗಬಹುದು, ಅಲ್ಲಿಂದ ಪ್ಲಗ್ಗಿಗೆ. ಕರೆಂಟು ಮರಳಿ ಬಂದಾಗ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಪಂಪನ್ನು ತೊಟ್ಟಿಗಿಂತ ಎತ್ತರದಲ್ಲಿಡಿ, ಇಲ್ಲವೇ ಕೊಳವೆಯ ನಡುವೆ ನಾನ್ ರಿಟರ್ನ್ ವಾಲ್ವ್ ಹಾಕಿ. ಕೆಲವೇ ರೂಪಾಯಿಯ ಸಾಮಾನು. ತೊಟ್ಟಿಯೊಳಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ ಕಿತ್ತಿರಬೇಕೆಂಬುದನ್ನು ಪೋಷಕರು ಮಕ್ಕಳಿಗೆ ಒಂದಲ್ಲ ಹತ್ತು ಸಲ ಹೇಳಬೇಕು. ಕರೆಂಟು ಯಾವ ಕ್ಷಣದಲ್ಲಾದರೂ ಬರಬಹುದು.

ಆಮ್ಲಜನಕದ ಕಥೆ ಮೊದಲ ಕೆಲವು ಗಂಟೆಗಳದು. ಒಂದು ದಿನ ದಾಟಿದರೆ ಎರಡನೆಯ ಶತ್ರು ತಲೆ ಎತ್ತುತ್ತಾನೆ. ಮೀನು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಅದು ಮೀನಿಗೇ ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಬಡಪಾಯಿಗಳಿಗೂ ಆಮ್ಲಜನಕ ಬೇಕು. ಮುಚ್ಚಿದ ಡಬ್ಬಿಯಂಥ ಫಿಲ್ಟರಿನಲ್ಲಿ ನೀರಿನ ಓಟ ನಿಂತು ಕೆಲವು ಗಂಟೆಯಾದರೆ ಅವು ಉಸಿರುಗಟ್ಟಿ ಸಾಯತೊಡಗುತ್ತವೆ, ಒಳಗಿನ ನೀರು ಕೊಳೆಯುತ್ತದೆ. ಕರೆಂಟು ಬಂತೆಂದು ಖುಷಿಯಿಂದ ಸ್ವಿಚ್ ಹಾಕಿದರೆ ಆ ಕೊಳೆತ ನೀರೆಲ್ಲ ಒಮ್ಮೆಲೇ ತೊಟ್ಟಿಗೆ! ಕತ್ತಲಲ್ಲಿ ಬದುಕುಳಿದ ಮೀನು ಬೆಳಕು ಬಂದ ಮೇಲೆ ಸಾಯುವುದು ಹೀಗೆ. ಆದ್ದರಿಂದ ಬೇಗ ಕರೆಂಟು ಬರುವ ಲಕ್ಷಣ ಇಲ್ಲದಿದ್ದರೆ ಸ್ಪಂಜನ್ನು ಫಿಲ್ಟರಿನಿಂದ ತೆಗೆದು ತೊಟ್ಟಿಯ ನೀರಿನಲ್ಲೇ ತೇಲಬಿಡಿ. ಮತ್ತೆ ಜೋಡಿಸುವ ಮುಂಚೆ ಡಬ್ಬಿಯ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಅದ್ದಿ ಹಿಂಡಿ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಕ್ಲೋರಿನ್ನು ಉಳಿದ ಬ್ಯಾಕ್ಟೀರಿಯಗಳನ್ನೂ ಮುಗಿಸುತ್ತದೆ.

ಈಗ ಆ ‘ಎರಡು ಕಾಳು’ ವಿಷಯ. ಹಾಕಿದ ಆಹಾರ ಜೀರ್ಣವಾಗಲು ಮೀನಿಗೆ ಹೆಚ್ಚು ಆಮ್ಲಜನಕ ಬೇಕು, ಅಮೋನಿಯವೂ ಹೆಚ್ಚುತ್ತದೆ, ತಿನ್ನದೆ ಉಳಿದದ್ದು ಕೊಳೆತು ಮತ್ತಷ್ಟು ಆಮ್ಲಜನಕ ತಿನ್ನುತ್ತದೆ. ಬೆಳೆದ, ಆರೋಗ್ಯವಾದ ಮೀನು ನಾಲ್ಕೈದು ದಿನ ಉಪವಾಸ ಇದ್ದರೂ ಏನೂ ಆಗದು. ಮನೆಗೆ ಬಂದ ಅಜ್ಜಿಗೆ ಈ ಮಾತು ಒಪ್ಪಿಸುವುದು ಕಷ್ಟ, ಆದರೂ ಒಪ್ಪಿಸಬೇಕು.

ಇನ್ನು ನೀರು ಬದಲಾಯಿಸುವುದು. ಮೂರು ನಾಲ್ಕು ದಿನ ಕರೆಂಟಿಲ್ಲದಿದ್ದರೆ ದಿನಕ್ಕೆ ಕಾಲು ಭಾಗ ನೀರು ತೆಗೆದು ಹೊಸದು ಹಾಕುವುದು ಒಳ್ಳೆಯದು. ಆದರೆ ಎಲ್ಲಿಯ ನೀರು? ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದೆ. ಒಂದು ದಿನ ತೆರೆದಿಟ್ಟ ನೀರಾಗಬೇಕು, ಇಲ್ಲವೇ ಅಂಗಡಿಯ ಆ್ಯಂಟಿ ಕ್ಲೋರಿನ್ ಹನಿ ಬೇಕು. ‘ನಮ್ಮದು ಬಾವಿ ನೀರು’ ಎನ್ನುವ ಕರಾವಳಿ, ಮಲೆನಾಡಿನ ಓದುಗರೇ, ನೆರೆ ಇಳಿದ ಮೇಲೆ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ವಾಡಿಕೆ. ಮನುಷ್ಯರ ಆರೋಗ್ಯಕ್ಕೆ ಅದು ಬೇಕೇ ಬೇಕು, ಮೀನಿಗೆ ಮಾತ್ರ ಅದೇ ಕ್ಲೋರಿನ್. ಬಿರುಗಾಳಿಯ ಮುನ್ಸೂಚನೆ ಬಂದ ದಿನವೇ ಎರಡು ಕೊಡ ನೀರು ಹಿಡಿದು ತೆಗೆದಿಡಿ.

ಇಷ್ಟೆಲ್ಲ ಮನೆಯಲ್ಲೇ ಇರುವವರ ಮಾತು. ಮನೆ ಬಿಟ್ಟೇ ಹೋಗಬೇಕಾದರೆ? 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಹಾದುಹೋದಾಗ ನಮ್ಮ ಕರಾವಳಿಯ ಕಡಲಂಚಿನವರು ಮನೆ ಖಾಲಿ ಮಾಡಬೇಕಾಯಿತು. 2018ರಲ್ಲಿ ಕೊಡಗು, 2019ರಲ್ಲಿ ಉತ್ತರ ಕರ್ನಾಟಕದ ನದಿತೀರದ ಊರುಗಳು ಇದನ್ನೇ ಕಂಡವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಿರಿವಂತರ ಬಡಾವಣೆಗಳಿಂದಲೂ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು.

ತೊಟ್ಟಿಯನ್ನು ನೀರು ಸಮೇತ ಎತ್ತುವ ಯೋಚನೆ ಬಿಡಿ. 50 ಲೀಟರ್ ನೀರೇ 50 ಕಿಲೋ, ಮೇಲೆ ಗಾಜು, ಜಲ್ಲಿ. ಎತ್ತಿದರೆ ಅಂಟು ಬಿಟ್ಟು ಸೀಳುತ್ತದೆ. ಅಂಗಡಿಯವನು ಮೀನು ಕೊಟ್ಟ ರೀತಿಯಲ್ಲೇ ಪಾಲಿಥಿನ್ ಚೀಲದಲ್ಲಿ ಒಯ್ಯಬೇಕು. ಚೀಲದ ಒಳಗೆ ಇನ್ನೊಂದು ಚೀಲ, ಮೂರರಲ್ಲಿ ಒಂದು ಪಾಲು ತೊಟ್ಟಿಯ ನೀರು, ಎರಡು ಪಾಲು ಗಾಳಿ. ನೀರೇ ಹೆಚ್ಚಿರಲಿ ಎಂದು ಮನಸ್ಸು ಹೇಳುತ್ತದೆ, ಆದರೆ ಮೇಲೆ ಮಾಡಿದ ಲೆಕ್ಕ ನೆನೆಯಿರಿ: ಉಸಿರು ಇರುವುದು ಗಾಳಿಯಲ್ಲಿ. ಬಾಯಿಂದ ಊದಿ ತುಂಬಬೇಡಿ, ಅದು ನಾವು ಬಳಸಿ ಬಿಟ್ಟ ಗಾಳಿ. ಚೀಲದ ಬಾಯನ್ನು ಅಗಲಿಸಿ ಗಾಳಿಗೆ ಬೀಸಿ ಹಿಡಿದರೆ ತಾನೇ ತುಂಬುತ್ತದೆ. ಚೀಲಕ್ಕೆ ಒಂದೆರಡೇ ಮೀನು. ಫೈಟರ್ ಗಂಡುಗಳು ಒಂದೊಂದೇ, ಇಲ್ಲವಾದರೆ ದಾರಿಯಲ್ಲೇ ಕುರುಕ್ಷೇತ್ರ. ಮುಳ್ಳಿರುವ ಕ್ಯಾಟ್‌ಫಿಶ್‌ಗಳು ಚೀಲ ಚುಚ್ಚುತ್ತವೆ, ಅವಕ್ಕೂ ದೊಡ್ಡ ಗೋಲ್ಡ್ ಫಿಶ್‌ಗಳಿಗೂ ತೂತು ಮಾಡಿದ ಮುಚ್ಚಳದ ಬಕೆಟ್ ಒಳ್ಳೆಯದು. ಚೀಲಗಳನ್ನೆಲ್ಲ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ; ಕತ್ತಲಲ್ಲಿ ಮೀನು ಗಾಬರಿಯಾಗದೆ ಸುಮ್ಮನಿರುತ್ತದೆ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ತೋಯಿಸಿ ಇನ್ನೊಂದು ಚೀಲದಲ್ಲಿ ಜೊತೆಗಿಟ್ಟುಕೊಂಡರೆ, ಹೋದ ಕಡೆ ಬಕೆಟಿನಲ್ಲೂ ಅರ್ಧ ಸಂಸಾರ ಕೈಯಲ್ಲಿದ್ದಂತೆ. ಹೀಗೆ ಕಟ್ಟಿದ ಮೀನು ಕೆಲವು ಗಂಟೆಗಳ ಪ್ರಯಾಣ ತಡೆಯುತ್ತದೆ. ಅಂಗಡಿಯಲ್ಲಿ ಆಮ್ಲಜನಕ ತುಂಬಿಸಿದ್ದಾದರೆ ಇನ್ನೂ ಹೆಚ್ಚು. ತಲುಪಿದ ಮೇಲೆ ಚೀಲವನ್ನು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ಹೊಸ ನೀರಿನ ಮೇಲೆ ತೇಲಿಸಿ, ಉಷ್ಣತೆ ಸಮವಾದ ಮೇಲೆ ಮೀನನ್ನು ಬಲೆಯಿಂದ ಎತ್ತಿ ಬಿಡಿ, ಚೀಲದ ಹೊಲಸು ನೀರು ಚೆಲ್ಲಿಬಿಡಿ.

ಚೀಲ, ರಬ್ಬರ್ ಬ್ಯಾಂಡ್, ಬಲೆ ಒಂದೇ ಕಡೆ ಇದ್ದರೆ ಇದು ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷವೂ ಇಲ್ಲದಿದ್ದರೆ? ‘ಹೊರಡಿ’ ಎಂದು ಹೇಳಿದ ಮೇಲೆ ಹೊರಡಬೇಕು, ಅದರಲ್ಲಿ ಎರಡು ಮಾತಿಲ್ಲ. ಕತ್ರೀನಾ ವೇಳೆ ನಾಯಿ, ಬೆಕ್ಕುಗಳನ್ನು ಬಿಟ್ಟುಬರಲೊಲ್ಲದೆ ಮನೆಯಲ್ಲೇ ಉಳಿದವರು ಬಹಳ ಮಂದಿ. ಆ ಪಾಠದಿಂದ ಅಮೆರಿಕ 2006ರಲ್ಲಿ ಸಾಕುಪ್ರಾಣಿಗಳನ್ನೂ ಸ್ಥಳಾಂತರ ಯೋಜನೆಯಲ್ಲಿ ಸೇರಿಸುವ ಕಾಯ್ದೆಯನ್ನೇ ಮಾಡಿತು. ಆದರೆ ಅದನ್ನು ಜಾರಿಗೆ ತರಲು ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆ ಬರೆದ ವ್ಯಾಖ್ಯೆಯಲ್ಲಿ ನಾಯಿ, ಬೆಕ್ಕು, ಹಕ್ಕಿ, ಮೊಲ, ಆಮೆಗೆಲ್ಲ ಜಾಗ ಸಿಕ್ಕಿತು, ಮೀನಿಗೆ ಸಿಗಲಿಲ್ಲ! ಅಲ್ಲೇ ಹಾಗಾದರೆ ನಮ್ಮ ಕಾಳಜಿ ಕೇಂದ್ರದಲ್ಲಿ ಮೀನಿನ ಬಕೆಟಿಗೆ ಮೂಲೆ ಸಿಗುವುದೆಂದು ನಂಬಿ ಹೋಗುವುದು ಬೇಡ. ಎತ್ತರದ ಬೀದಿಯ ಗೆಳೆಯನ ಮನೆಯೋ ಮೀನು ಕೊಂಡ ಅಂಗಡಿಯೋ ಮೊದಲೇ ಗೊತ್ತಾಗಿರಲಿ. ಮೀನು ಬಿಟ್ಟು ಹೋಗಲೇಬೇಕಾದರೆ ಹೀಟರ್, ಫಿಲ್ಟರ್ ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಬ್ಯಾಟರಿ ಪಂಪ್ ಇದ್ದರೆ ಹಾಕಿ, ಊಟ ಹಾಕದೆ ಬನ್ನಿ. ಕಡಿಮೆ ಮೀನಿರುವ ತೊಟ್ಟಿ ಆ ಸ್ಥಿತಿಯಲ್ಲಿ ಹಲವು ದಿನ ತಡೆಯುವುದುಂಟು. ಮಗು ಅಳುತ್ತದೆ. ‘ಹೋದರೆ ಹೋಯಿತು, ಹೊಸ ಮೀನು ತರೋಣ’ ಎಂದು ಆಗಲೇ ಹೇಳಬೇಡಿ. ಅದಕ್ಕೆ ಬೇಕಾದದ್ದು ಹೊಸ ಮೀನಲ್ಲ, ಆ ಮೀನು.

ಒಂದು ಕೆಲಸ ಮಾತ್ರ ಯಾವ ಕಾರಣಕ್ಕೂ ಕೂಡದು. ‘ಪಾಪ, ಇಲ್ಲಿ ಸಾಯುವ ಬದಲು ಎಲ್ಲಾದರೂ ಬದುಕಿಕೊಳ್ಳಲಿ’ ಎಂದು ಮೀನನ್ನು ಹೊಳೆಗೋ ಕೆರೆಗೋ ಬಿಡುವುದು. ಪುಣ್ಯ ಬರುತ್ತದೆಂದು ದೊಡ್ಡವರೇ ಹೇಳಿಕೊಡುವುದುಂಟು. 2018ರ ಮಹಾಪೂರದ ನಂತರ ಕೇರಳದ ನದಿಗಳಲ್ಲಿ ಮೀನುಗಾರರ ಬಲೆಗೆ ಅಮೆಜಾನಿನ ಅರಾಪೈಮಾ, ಅಮೆರಿಕದ ಅಲಿಗೇಟರ್ ಗಾರ್ ಬಿದ್ದವು. ಜನ ಸಾಕಿಕೊಂಡಿದ್ದ ಕೊಳಗಳಿಂದ ನೆರೆ ಕೊಚ್ಚಿ ತಂದವು ಅವು. ತೊಟ್ಟಿಯ ಗಾಜಿನ ಪಾಚಿ ನೆಕ್ಕಲೆಂದು ನಾವು ತರುವ ದಕ್ಷಿಣ ಅಮೆರಿಕದ ಸಕ್ಕರ್ ಕ್ಯಾಟ್‌ಫಿಶ್ ಅಂಗಡಿಯಲ್ಲಿ ಬೆರಳುದ್ದ, ಬೆಳೆದರೆ ಒಂದಡಿಗೂ ಮೀರಿ. ಬೇಸತ್ತವರು ಬಿಟ್ಟ ಇಂಥ ಮೀನುಗಳು ಭಾರತದ ಎಷ್ಟೋ ಕೆರೆ, ನದಿಗಳಲ್ಲಿ ಮನೆ ಮಾಡಿ, ದಂಡೆಯಲ್ಲಿ ಬಿಲ ತೋಡಿ, ಬೆಸ್ತರ ಬಲೆ ಹರಿದು, ಊರಿನ ಮೀನುಗಳ ಬಾಯಿಯ ತುತ್ತು ಕಸಿಯುತ್ತಿವೆ. ನೆರೆ ಬರುವ ಜಾಗದ ಮನೆಯವರು ತೊಟ್ಟಿಯನ್ನು ನೆಲಮಟ್ಟದಲ್ಲಿ ಇಡದೆ ಮಹಡಿಗೆ ಸಾಗಿಸಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಸಾಕಲಾಗದ ಮೀನನ್ನು ಅಂಗಡಿಯವರಿಗೆ ವಾಪಸು ಕೊಡಿ, ದುಡ್ಡು ಕೇಳದಿದ್ದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ.